ದೊರೆ ಚಿಲುಮೆಯ ಕಾಲನಿರ್ಣಯ

ಹಳೆಯ ವಸ್ತುವೊಂದು ಕೈಗೆ ಬಂದಾಗ ಕೇಳಬೇಕಾದ ಪ್ರಶ್ನೆಗಳು ಎರಡು. ಇದು ಏನು? ಇದು ಯಾವ ಕಾಲದ್ದು? ಮೊದಲನೆಯದಕ್ಕೆ ಉತ್ತರ ಸಿಕ್ಕದೆ ಎರಡನೆಯದಕ್ಕೆ ಕೈಹಾಕಬಾರದೆಂದು ನಮ್ಮ ಇತಿಹಾಸದ ಅಧ್ಯಾಪಕರು ತರಗತಿಯಲ್ಲಿ ಮೇಲಿಂದ ಮೇಲೆ ಹೇಳುತ್ತಾರೆ. ಆ ಮಾತಿನ ಬೆಲೆ ನನಗೆ ತಿಳಿದದ್ದು ಶಾಸನದಿಂದಲೂ ಅಲ್ಲ, ನಾಣ್ಯದಿಂದಲೂ ಅಲ್ಲ. ದೊಡ್ಡಉಳ್ಳಾರ್ತಿಯ ನಮ್ಮ ಮನೆಯ ಪೆಟ್ಟಿಗೆಯಲ್ಲಿ ಬಟ್ಟೆ ಸುತ್ತಿ ಇಟ್ಟಿದ್ದ ಒಂದು ಹೊಗೆ ಸೇದುವ ಪೈಪಿನಿಂದ. ಮನೆಯವರು ಅದನ್ನು ‘ದೊರೆ ಚಿಲುಮೆ’ ಎಂದು ಕರೆಯುತ್ತಾರೆ. ಅದರ ವಯಸ್ಸನ್ನು ಕಂಡುಹಿಡಿದ ಬಗೆಯನ್ನು, ಅಂಥ ಪೈಪುಗಳನ್ನು ಗುರುತಿಸುವ ಸಾಮಾನ್ಯ ಕ್ರಮದೊಡನೆ, ಇಲ್ಲಿ ವಿವರಿಸಲು ಯತ್ನಿಸಿದ್ದೇನೆ. ವಸ್ತು ಚಿಕ್ಕದು; ಆದರೆ ಅದನ್ನು ಅಳೆಯುವ ಕೋಲು ಬ್ರಹ್ಮಗಿರಿಯನ್ನು ಅಳೆದ ಕೋಲೇ ಎಂಬುದನ್ನು ವಾಚಕರು ಮುಂದೆ ಕಾಣುವರು.

ಮೊದಲಿಗೇ ಒಂದು ಮಾತು. ಈ ಲೇಖನ ಪೈಪನ್ನು ನೋಡುವವರಿಗಾಗಿ ಬರೆದದ್ದು, ಸೇದುವವರಿಗಾಗಿ ಅಲ್ಲ. ಹೊಗೆಸೊಪ್ಪಿನ ಕೇಡು ಎಲ್ಲರಿಗೂ ಗೊತ್ತಿರುವುದೇ.

1. ಹತ್ತಿರದ ಪಾಠ

ಮೊಳಕಾಲ್ಮೂರು ತಾಲ್ಲೂಕಿನ ಬ್ರಹ್ಮಗಿರಿ, ಸಿದ್ದಾಪುರ, ಜಟಿಂಗ ರಾಮೇಶ್ವರಗಳ ಬಂಡೆಗಳ ಮೇಲಿನ ಅಶೋಕನ ಶಾಸನಗಳನ್ನು ಬಿ. ಎಲ್. ರೈಸ್ ಅವರು 1892ರಲ್ಲಿ ಬೆಳಕಿಗೆ ತಂದರು. ಆ ಶಾಸನಗಳಲ್ಲಿ ಅಶೋಕನೆಂಬ ಹೆಸರಿಲ್ಲ. ‘ದೇವಾನಾಂಪ್ರಿಯ’ ಎಂಬ ಬಿರುದು ಮಾತ್ರ ಇದೆ. 1915ರಲ್ಲಿ ರಾಯಚೂರು ಜಿಲ್ಲೆಯ ಮಸ್ಕಿಯಲ್ಲಿ ಸಿಕ್ಕಿದ ಶಾಸನದಲ್ಲಿ ಬಿರುದಿನ ಜೊತೆಗೆ ಹೆಸರೂ ಇತ್ತು. ಹೀಗೆ ಒಂದು ಕಡೆಯ ಗುರುತು ಇನ್ನೊಂದು ಕಡೆಯ ಗುರುತನ್ನು ಬಿಡಿಸಿತು.

ಮುಂದೆ 1947ರಲ್ಲಿ ಮಾರ್ಟಿಮರ್ ವೀಲರ್ ಅವರು ಬ್ರಹ್ಮಗಿರಿಯಲ್ಲಿಯೂ ಚಿತ್ರದುರ್ಗದ ಚಂದ್ರವಳ್ಳಿಯಲ್ಲಿಯೂ ಅಗೆದು ನೋಡಿದರು. ಮಣ್ಣಿನ ಪದರಗಳಿಗೆ ತಾರೀಖು ಬರೆದಿರುವುದಿಲ್ಲವಷ್ಟೆ. ಚಂದ್ರವಳ್ಳಿಯಲ್ಲಿ ರೋಮಿನ ಚಕ್ರವರ್ತಿ ಟೈಬೀರಿಯಸನ ನಾಣ್ಯ ಸಿಕ್ಕಿತು. ಅವನು ಆಳಿದ್ದು ಕ್ರಿ.ಶ. 14ರಿಂದ 37ರವರೆಗೆ. ಆ ನಾಣ್ಯವಿರುವ ಪದರ ಕ್ರಿ.ಶ. 14ಕ್ಕಿಂತ ಹಿಂದಿನದಾಗಲಾರದು. ಆದರೆ ನಾಣ್ಯ ನೂರು ವರ್ಷ ಕೈಯಿಂದ ಕೈಗೆ ಓಡಾಡಿ ಆಮೇಲೆ ಮಣ್ಣು ಸೇರಿರಬಹುದು. ಆದುದರಿಂದ ನಾಣ್ಯವು ‘ಇದಕ್ಕಿಂತ ಹಿಂದಲ್ಲ’ ಎಂದು ಹೇಳುತ್ತದೆಯೇ ಹೊರತು ‘ಇದೇ ವರ್ಷ’ ಎಂದು ಹೇಳುವುದಿಲ್ಲ. ವೀಲರ್ ಅವರು ಕೊಟ್ಟ ಕಾಲವನ್ನು ಅನಂತರದ ವಿದ್ವಾಂಸರು ಕೆಲವೆಡೆ ಇನ್ನೂ ಹಿಂದಕ್ಕೆ ಸರಿಸಿದ್ದಾರೆ. ಲೆಕ್ಕ ಬದಲಾಯಿತು, ಲೆಕ್ಕ ಹಾಕುವ ರೀತಿ ಬದಲಾಗಲಿಲ್ಲ.

2. ಹೊಗೆಸೊಪ್ಪು ನಮ್ಮ ನಾಡಿಗೆ ಬಂದದ್ದು

ಹೊಗೆಸೊಪ್ಪು ಅಮೆರಿಕ ಖಂಡದ ಗಿಡ. ಪೋರ್ಚುಗೀಸರ ಹಡಗುಗಳೊಡನೆ ಅದು ಪಶ್ಚಿಮ ಕರಾವಳಿಗೆ ಬಂದಿತು. ಇದರ ಬಗ್ಗೆ ನಮಗೆ ದೊರೆಯುವ ಒಳ್ಳೆಯ ಸಾಕ್ಷ್ಯವೊಂದು ಕನ್ನಡ ನಾಡಿನದೇ ಆಗಿದೆ. ಅಕ್ಬರನ ರಾಯಭಾರಿಯಾಗಿ ಬಿಜಾಪುರದ ಆದಿಲ್‌ಶಾಹಿ ಆಸ್ಥಾನಕ್ಕೆ ಬಂದಿದ್ದ ಅಸದ್ ಬೇಗನು ಅಲ್ಲಿ ಹೊಗೆಸೊಪ್ಪನ್ನು ಕಂಡನು. ಅಂಥದನ್ನು ತಾನು ಹಿಂದೂಸ್ಥಾನದಲ್ಲಿ ಎಲ್ಲಿಯೂ ನೋಡಿರಲಿಲ್ಲವೆಂದು ತನ್ನ ವೃತ್ತಾಂತದಲ್ಲಿ ಬರೆದಿದ್ದಾನೆ. 1604ರ ಸುಮಾರಿಗೆ ಅವನು ಸೊಪ್ಪನ್ನೂ ಒಂದು ರತ್ನಖಚಿತವಾದ ಕೊಳವೆಯನ್ನೂ ಸಿದ್ಧಪಡಿಸಿ ಚಕ್ರವರ್ತಿಗೆ ಒಪ್ಪಿಸಿದನು. ಮೂರು ಮೊಳದ ನಳಿಗೆ, ಯೆಮೆನಿನ ಕೆಂಪು ಕಲ್ಲಿನ ತುಟಿ, ಚಿನ್ನದ ಬಟ್ಟಲು. ಅಕ್ಬರನು ಒಂದೆರಡು ಬಾರಿ ಎಳೆದು ನೋಡಿದನಂತೆ, ವೈದ್ಯರು ಬೇಡವೆಂದರಂತೆ. 1617ರಲ್ಲಿ ಜಹಾಂಗೀರನು ಹೊಗೆ ಸೇದುವುದನ್ನು ನಿಷೇಧಿಸಿದನು. ಅಷ್ಟರೊಳಗೆ ಚಟ ಅಷ್ಟು ದೂರ ಹಬ್ಬಿತ್ತು ಎಂದಾಯಿತು.

ಇದರಿಂದ ಮೊದಲನೆಯ ಗಡಿ ಸಿಕ್ಕಿತು. ನಮ್ಮ ಹೊಲಗಳಲ್ಲಿ ಸಿಕ್ಕುವ ಹೊಗೆಸೊಪ್ಪಿನ ಮಣ್ಣಿನ ಚಿಲುಮೆ ಎಷ್ಟೇ ಹಳೆಯದಾಗಿ ಕಂಡರೂ ಪಾಳೆಯಗಾರರ ಕಾಲಕ್ಕಿಂತ ಹಿಂದಕ್ಕೆ ಹೋಗಲಾರದು. ಅದನ್ನು ಅಶೋಕನ ಕಾಲದ್ದೆಂದು ಯಾರಾದರೂ ಹೇಳಿದರೆ ನಂಬಬೇಕಾಗಿಲ್ಲ.

ಯೂರೋಪಿನಲ್ಲಿ ಮೊದಲಿಗೆ ಜೇಡಿಮಣ್ಣಿನ ಪೈಪುಗಳೇ ಬಳಕೆಯಲ್ಲಿದ್ದವು. ಅವುಗಳ ನಳಿಗೆಯ ರಂಧ್ರ ಕಾಲಕ್ರಮದಲ್ಲಿ ಕಿರಿದಾಗುತ್ತ ಬಂದಿತು. 17ನೆಯ ಶತಮಾನದ ಆದಿಯಲ್ಲಿ ಅಂಗುಲದ 64ನೆಯ ಪಾಲಿನಲ್ಲಿ 9ರಷ್ಟಿದ್ದ ರಂಧ್ರ 18ನೆಯ ಶತಮಾನದ ಉತ್ತರಾರ್ಧಕ್ಕೆ 4ಕ್ಕೆ ಇಳಿಯಿತು. 1954ರಲ್ಲಿ ಹ್ಯಾರಿಂಗ್ಟನ್ ಎಂಬ ಅಮೆರಿಕದ ವಿದ್ವಾಂಸರು ಇದನ್ನು ಅಳೆದು ತೋರಿಸಿದ ಮೇಲೆ, ಮುರಿದ ತುಂಡುಗಳಿಂದಲೇ ಒಂದು ನೆಲೆಯ ಕಾಲವನ್ನು ಅಂದಾಜು ಮಾಡುವುದು ಸಾಧ್ಯವಾಯಿತು. ನಿರುಪಯುಕ್ತವೆಂದು ಬಿಸಾಡಿದ ತುಂಡಿನಲ್ಲಿಯೂ ಚರಿತ್ರೆ ಅಡಗಿರುತ್ತದೆಂಬುದಕ್ಕೆ ಇದಕ್ಕಿಂತ ಒಳ್ಳೆಯ ನಿದರ್ಶನ ಬೇಕೆ?

3. ಬ್ರಯರ್ ಎಂದರೇನು?

19ನೆಯ ಶತಮಾನದ ಮಧ್ಯಭಾಗದಲ್ಲಿ ಮಣ್ಣಿನ ಜಾಗಕ್ಕೆ ಒಂದು ಮರ ಬಂದಿತು. ಮೆಡಿಟರೇನಿಯನ್ ಸಮುದ್ರದ ಸುತ್ತಣ ಒಣಗುಡ್ಡಗಳಲ್ಲಿ ಬೆಳೆಯುವ ಎರಿಕಾ ಅರ್ಬೋರಿಯ ಎಂಬ ಪೊದೆಮರದ ಬುಡದಲ್ಲಿ, ಬೇರಿಗೂ ಕಾಂಡಕ್ಕೂ ನಡುವೆ, ಗಟ್ಟಿಯಾದ ಗಂಟು ಬೆಳೆಯುತ್ತದೆ. ಆ ಗಂಟೇ ಬ್ರಯರ್. ಫ್ರೆಂಚರು ಗಿಡವನ್ನು ‘ಬ್ರೂಯೇರ್’ ಎನ್ನುತ್ತಾರೆ. ಇಂಗ್ಲಿಷರ ಬಾಯಲ್ಲಿ ಅದು ಬ್ರಯರ್ ಆಯಿತು. ಗಂಟನ್ನು ಕೊಯ್ದು, ಕುದಿಸಿ, ತಿಂಗಳುಗಟ್ಟಲೆ ಒಣಗಿಸಿ, ಆಮೇಲೆ ಕಡೆಯುತ್ತಾರೆ. ಈ ಮರ ಬೆಂಕಿಯನ್ನು ತಾಳುತ್ತದೆ. ಬೇಗ ಹೊತ್ತಿಕೊಳ್ಳುವುದಿಲ್ಲ, ಒಡೆಯುವುದೂ ಕಡಿಮೆ. ಫ್ರಾನ್ಸಿನ ಜೂರಾ ಪರ್ವತ ಪ್ರದೇಶದ ಸೇಂಟ್ ಕ್ಲಾಡ್ ಊರು ಈ ಕಸುಬಿನ ತವರಾಯಿತು. ಅಲ್ಲಿಂದ ಅದು ಲಂಡನ್ನಿಗೂ ಡಬ್ಲಿನ್ನಿಗೂ ಹಬ್ಬಿತು.

ಬ್ರಯರನ್ನು ಗುರುತಿಸುವುದು ಕಷ್ಟವಲ್ಲ. ಬಟ್ಟಲಿನ ಒಂದು ಪಕ್ಕದಲ್ಲಿ ಎಳೆಗಳು ಉದ್ದಕ್ಕೆ ಹರಿದಿರುತ್ತವೆ. ಇನ್ನೊಂದು ಪಕ್ಕದಲ್ಲಿ ಅವೇ ಎಳೆಗಳ ತುದಿಗಳು ಹಕ್ಕಿಯ ಕಣ್ಣಿನಂಥ ಸಣ್ಣ ಚುಕ್ಕೆಗಳಾಗಿ ಕಾಣುತ್ತವೆ. ಬೇರೆ ಮರಕ್ಕೆ ಬಣ್ಣ ಬಳಿದು ಮಾಡಿದ ಅಗ್ಗದ ಪೈಪಿನಲ್ಲಿ ಈ ಎರಡು ನೋಟಗಳು ಒಟ್ಟಿಗೆ ಸಿಕ್ಕುವುದಿಲ್ಲ. ಮೀರ್‌ಶಾಮ್ ಎಂಬುದು ತುರ್ಕಿಯಲ್ಲಿ ದೊರೆಯುವ ಬಿಳಿಯ ಮೃದುಶಿಲೆ. ಸೇದಿದಂತೆಲ್ಲ ಅದು ಜೇನಿನ ಬಣ್ಣಕ್ಕೆ ತಿರುಗುತ್ತದೆ. ಅದನ್ನು ಬ್ರಯರೆಂದು ಯಾರೂ ಮೋಸಹೋಗಲಾರರು.

4. ಕಾಲವನ್ನು ಹೇಳುವ ಗುರುತುಗಳು

ಬ್ರಯರ್ ಪೈಪಿಗೆ ಮೂರು ಭಾಗ: ಬಟ್ಟಲು, ಅದರ ಕುತ್ತಿಗೆ, ಬಾಯಿಗಿಡುವ ನಳಿಗೆ. ಕೆಲವಕ್ಕೆ ಕುತ್ತಿಗೆಯ ತುದಿಯಲ್ಲಿ ಬೆಳ್ಳಿಯ ಕಟ್ಟು ಇರುತ್ತದೆ. ಪ್ರತಿಯೊಂದು ಭಾಗವೂ ತನ್ನ ಕಾಲವನ್ನು ಬೇರೆಬೇರೆಯಾಗಿ ಹೇಳುತ್ತದೆ.

ನಳಿಗೆ: ಹಳೆಯ ಪೈಪುಗಳ ನಳಿಗೆ ಕೊಂಬು, ಎಲುಬು ಅಥವಾ ಅಂಬರಿನದು. ರಬ್ಬರಿಗೆ ಗಂಧಕ ಸೇರಿಸಿ ಕಾಯಿಸಿ ಮಾಡಿದ ವಲ್ಕನೈಟ್ 19ನೆಯ ಶತಮಾನದ ಕೊನೆಯ ಭಾಗದಲ್ಲಿ ಪೈಪುಗಳಿಗೆ ಬಂದಿತು. ಅದು ಹೊಸದರಲ್ಲಿ ಕರ್ರಗಿದ್ದು, ಬೆಳಕು ಬಿದ್ದಂತೆ ಹಸುರು ಬೆರೆತ ಕಂದು ಬಣ್ಣಕ್ಕೆ ತಿರುಗುತ್ತದೆ. ಉಜ್ಜಿದರೆ ಗಂಧಕದ ವಾಸನೆ. ನಳಿಗೆಯ ತುದಿಯ ರಂಧ್ರವನ್ನೂ ನೋಡಬೇಕು. ವಿಕ್ಟೋರಿಯಾ ರಾಣಿಯ ಕಾಲದವಕ್ಕೆ ಬಹುಮಟ್ಟಿಗೆ ದುಂಡು ರಂಧ್ರ. 20ನೆಯ ಶತಮಾನ ಮುಂದುವರಿದಂತೆ ಅಡ್ಡಸೀಳು ರೂಢಿಗೆ ಬಂದಿತು.

ಮರದ ಮೇಲಿನ ಅಚ್ಚು: ತಯಾರಕರ ಹೆಸರಿದ್ದರೆ ಕೆಲಸ ಹಗುರ. ಉದಾಹರಣೆಗೆ ಆಲ್ಫ್ರೆಡ್ ಡನ್‌ಹಿಲ್ ಅವರು 1907ರಲ್ಲಿ ಲಂಡನ್ನಿನ ಡ್ಯೂಕ್ ಬೀದಿಯಲ್ಲಿ ಅಂಗಡಿ ತೆರೆದರು. 1921ರಿಂದ ಅವರ ಪೈಪುಗಳ ಮೇಲೆ ವರ್ಷವನ್ನು ಸೂಚಿಸುವ ಸಣ್ಣ ಅಂಕಿ ಬರುತ್ತದೆ. 1 ಎಂದರೆ 1921, 2 ಎಂದರೆ 1922. ಡಬ್ಲಿನ್ನಿನ ಪೀಟರ್ಸನ್ ಪೈಪುಗಳಲ್ಲಿ ದೇಶದ ಹೆಸರೇ ಪಂಚಾಂಗ. ‘ಐರಿಷ್ ಫ್ರೀ ಸ್ಟೇಟ್’ ಎಂಬ ಹೆಸರಿನ ರಾಜ್ಯವಿದ್ದುದು 1922ರಿಂದ 1937ರವರೆಗೆ. 1937ರ ಸಂವಿಧಾನದಿಂದ ಅದು ‘ಏರ್’ ಆಯಿತು, 1949ರಲ್ಲಿ ಗಣರಾಜ್ಯವೆನಿಸಿತು. ಅಚ್ಚಿನಲ್ಲಿ ಯಾವ ಹೆಸರಿದೆಯೋ ಆ ಹೆಸರು ಹುಟ್ಟುವ ಮೊದಲು ಅಚ್ಚು ಬಿದ್ದಿರಲಾರದು. ರಾಜಕೀಯ ಇತಿಹಾಸವನ್ನು ಓದುವುದರಿಂದ ಏನು ಪ್ರಯೋಜನವೆಂದು ಕೇಳುವ ಗೆಳೆಯರು ಇದನ್ನು ಗಮನಿಸಬೇಕು.

ಹೆಸರಿಲ್ಲದಿದ್ದರೂ ದೇಶದ ಗುರುತು ಉಪಯೋಗಕ್ಕೆ ಬರುತ್ತದೆ. ಅಮೆರಿಕವು 1890ರಲ್ಲಿ ಮಾಡಿದ ಸುಂಕದ ಕಾಯಿದೆಯಂತೆ ಆ ದೇಶಕ್ಕೆ ಹೋಗುವ ಸರಕುಗಳ ಮೇಲೆ ಹುಟ್ಟಿದ ದೇಶದ ಹೆಸರು ಇರಬೇಕಾಯಿತು. ‘ಮೇಡ್ ಇನ್’ ಎಂಬ ಪೂರ್ಣ ಮಾತು ಸಾಮಾನ್ಯವಾದದ್ದು ಅದಕ್ಕೂ ಈಚೆಗೆ, 20ನೆಯ ಶತಮಾನದಲ್ಲಿ. ಬ್ರಿಟನ್ನಿನ ಪೇಟೆಂಟ್ ಸಂಖ್ಯೆಗಳು 1916ರಲ್ಲಿ 1,00,001ರಿಂದ ಹೊಸದಾಗಿ ಆರಂಭವಾಗಿ ಮುಂದೆ ಒಂದೇ ಸಾಲಿನಲ್ಲಿ ನಡೆದವು. ಆರು ಅಂಕಿಯ ಪೇಟೆಂಟ್ ಸಂಖ್ಯೆಯಿದ್ದರೆ ಪೈಪು ಅದಕ್ಕಿಂತ ಈಚಿನದು.

ಬೆಳ್ಳಿಯ ಮುದ್ರೆ: ಇದೇ ಎಲ್ಲಕ್ಕಿಂತ ಬಲವಾದ ಸಾಕ್ಷಿ. ಇಂಗ್ಲೆಂಡಿನಲ್ಲಿ ಬೆಳ್ಳಿಯನ್ನು ಪರೀಕ್ಷೆಗೆ ಒಪ್ಪಿಸಿ ಮುದ್ರೆ ಹಾಕಿಸಬೇಕು. ನಡೆಯುವ ಸಿಂಹದ ಚಿತ್ರವಿದ್ದರೆ ಸಾವಿರಕ್ಕೆ 925 ಪಾಲು ಬೆಳ್ಳಿ. ಲಂಗರಿದ್ದರೆ ಬರ್ಮಿಂಗ್‌ಹ್ಯಾಮಿನ ಕಚೇರಿ. ಚಿರತೆಯ ಮುಖವಿದ್ದರೆ ಲಂಡನ್ನಿನದು. ಗೋಧಿಯ ಸಿವುಡುಗಳೂ ಖಡ್ಗವೂ ಇದ್ದರೆ 1962ರಲ್ಲಿ ಮುಚ್ಚಿದ ಚೆಸ್ಟರಿನ ಕಚೇರಿ. ಇವುಗಳ ಪಕ್ಕದ ಒಂದು ಅಕ್ಷರ ವರ್ಷವನ್ನು ತಿಳಿಸುತ್ತದೆ. ಅಕ್ಷರಮಾಲೆ ಮುಗಿದ ಮೇಲೆ ಅಕ್ಷರದ ಬಗೆಯನ್ನೋ ಸುತ್ತಲಿನ ಚೌಕಟ್ಟನ್ನೋ ಬದಲಿಸಿ ಮತ್ತೆ ಮೊದಲಿನಿಂದ ಆರಂಭಿಸುತ್ತಾರೆ. ಬರ್ಮಿಂಗ್‌ಹ್ಯಾಮಿನಲ್ಲಿ 1849, 1875, 1900, 1925 ಇವು ಹೊಸ ಸುತ್ತು ಆರಂಭವಾದ ವರ್ಷಗಳು. ಅಂದರೆ ಒಂದೇ ಅಕ್ಷರ ಕಾಲು ಶತಮಾನಕ್ಕೊಮ್ಮೆ ಮರಳಿ ಬರುತ್ತದೆ. ಅಪಾಯ ಇರುವುದೂ ಇಲ್ಲಿಯೇ.

ಇನ್ನೊಂದು ಎಚ್ಚರಿಕೆ. ಕುತ್ತಿಗೆ ಬಿರುಕು ಬಿಟ್ಟಾಗ ಅದನ್ನು ಹಿಡಿದಿಡಲು ಕಟ್ಟನ್ನು ಆಮೇಲೆ ಹಾಕಿಸುವುದುಂಟು. ಆಗ ಮುದ್ರೆ ಹೇಳುವುದು ಕಟ್ಟಿನ ವಯಸ್ಸನ್ನು, ಪೈಪಿನ ವಯಸ್ಸನ್ನಲ್ಲ.

5. ನಮ್ಮ ಮನೆಯ ಪೈಪು

ಕಳೆದ ವರ್ಷ ಶೇಂಗಾ ಬೆಳೆ ಕೈಕೊಟ್ಟಾಗ ಹಳೆಯ ಸಾಮಾನು ಕೊಳ್ಳುವವರೊಬ್ಬರು ನಮ್ಮೂರಿಗೆ ಬಂದಿದ್ದರು. ನಮ್ಮ ತಂದೆಯವರು ದೊರೆ ಚಿಲುಮೆಯನ್ನು ತೋರಿಸಿ ಮನೆಯ ಕಥೆಯನ್ನು ಹೇಳಿದರು. ಕಥೆ ಇದು: ಧಾತು ಸಂವತ್ಸರದ ದೊಡ್ಡ ಬರದಲ್ಲಿ ನಮ್ಮ ವಂಶದ ಹಿರಿಯರೊಬ್ಬರು ಅಮೃತ್ ಮಹಲ್ ಕಾವಲಿನ ದನಗಳನ್ನು ಉಳಿಸಿದರು, ಮೆಚ್ಚಿದ ದೊರೆ ತನ್ನ ಬಾಯಿಯ ಚಿಲುಮೆಯನ್ನೇ ತೆಗೆದು ಕೊಟ್ಟನು. ಬಂದವರು, ಇದು 1877ರ ಬರದ ಕಾಲದ್ದೆಂದು ಮನೆಯ ಓದಿದವರು ಯಾರಾದರೂ ಒಂದು ಹಾಳೆಯಲ್ಲಿ ಬರೆದುಕೊಟ್ಟರೆ ಹದಿನೆಂಟು ಸಾವಿರ, ಬರೆಯದಿದ್ದರೆ ಎರಡು ಸಾವಿರ ಎಂದರು. ನಮ್ಮ ಮನೆಯಲ್ಲಿ ಕಾಲೇಜಿನ ಮೆಟ್ಟಲು ಹತ್ತಿದವನು ನಾನೊಬ್ಬನೇ. ಬರೆಯುವ ಕೆಲಸ ನನ್ನ ಪಾಲಿಗೆ ಬಂದಿತು.

ಆ ಬರವನ್ನು ನಮ್ಮ ಸೀಮೆ ಮರೆತಿಲ್ಲ. 1876–78ರ ಧಾತು–ಈಶ್ವರ ಬರವೆಂದು ಅದಕ್ಕೆ ಹೆಸರು. 1871ರ ಗಣತಿಯಲ್ಲಿ 50 ಲಕ್ಷ ದಾಟಿದ್ದ ಮೈಸೂರು ಸಂಸ್ಥಾನದ ಜನಸಂಖ್ಯೆ 1881ರ ಗಣತಿಯಲ್ಲಿ 42 ಲಕ್ಷಕ್ಕೆ ಇಳಿದಿತ್ತು. ಅಂಥ ಕಾಲದಲ್ಲಿ ದನ ಉಳಿಸಿದವರ ವಂಶದವನೆಂದರೆ ಯಾರಿಗೆ ಹೆಮ್ಮೆಯಾಗದು? ನಾನು ಹತ್ತು ದಿನ ಕಾಲಾವಕಾಶ ಕೇಳಿ ಪೈಪನ್ನು ಕಾಲೇಜಿಗೆ ತಂದೆ.

ಅಧ್ಯಾಪಕರು ಒಂದು ಭೂತಗನ್ನಡಿ ಕೊಟ್ಟರು. ಶಾಸನದ ಅಚ್ಚು ತೆಗೆಯುವಂತೆ, ಬೆಳ್ಳಿಯ ಕಟ್ಟಿನ ಮೇಲೆ ತೆಳುಕಾಗದವಿಟ್ಟು ಸೀಸದಕಡ್ಡಿಯನ್ನು ಮೆಲ್ಲಗೆ ಉಜ್ಜಿದೆ. ಸಿಂಹ, ಲಂಗರು, ದೊಡ್ಡಕ್ಷರದ ‘ಎಲ್’ ಮೂಡಿದವು. ತಯಾರಕರ ಮುದ್ರೆ ಸವೆದು ಹೋಗಿತ್ತು. ಅಕ್ಷರದ ಸುತ್ತಲಿನ ಚೌಕಟ್ಟೂ ಸವೆದಿತ್ತು. ಬರ್ಮಿಂಗ್‌ಹ್ಯಾಮಿನ ಪಟ್ಟಿಯನ್ನು ತೆಗೆದು ನೋಡಿದೆ. ದೊಡ್ಡಕ್ಷರದ ಎಲ್: 1860! ಬರಕ್ಕೆ ಹದಿನಾರು ವರ್ಷ ಮೊದಲು ಮಾಡಿದ ಪೈಪು. ದೊರೆಯೊಡನೆ ಹಡಗಿನಲ್ಲಿ ಬಂದು, ಬರದಲ್ಲಿ ನಮ್ಮವರ ಕೈ ಸೇರಿತು. ಎಲ್ಲವೂ ಸರಿಹೊಂದಿತು. ಆ ರಾತ್ರಿ ಹಾಸ್ಟೆಲಿನಲ್ಲಿ ಕೂತು ಬರೆದುಕೊಡಬೇಕಾದ ಹಾಳೆಯ ಮೊದಲ ಎರಡು ವಾಕ್ಯಗಳನ್ನೂ ಬರೆದೆ.

ಮರುದಿನ ಹಾಳೆಯನ್ನು ಅಧ್ಯಾಪಕರಿಗೆ ತೋರಿಸಿದಾಗ ಅವರು ಒಂದೇ ಪ್ರಶ್ನೆ ಕೇಳಿದರು: “ಪಟ್ಟಿಯಲ್ಲಿ ದೊಡ್ಡಕ್ಷರದ ಎಲ್ ಎಷ್ಟು ಸಲ ಬರುತ್ತದೆ?” ನಾನು ಮೊದಲನೆಯದು ಕಂಡ ಕೂಡಲೆ ಪುಟ ಮುಚ್ಚಿದ್ದೆ. ಬೇಕಾದ ಉತ್ತರ ಸಿಕ್ಕಿದ ಮೇಲೆ ಮುಂದೆ ಹುಡುಕಲು ಮನಸ್ಸು ಬರುವುದಿಲ್ಲ ನೋಡಿ. ತಿರುಗಿ ನೋಡಿದರೆ 1935ರಲ್ಲಿ ಇನ್ನೊಂದು ಎಲ್ ಇತ್ತು.

6. ಎರಡು ಅಕ್ಷರಗಳ ನಡುವೆ ತೀರ್ಪು

1860ಕ್ಕೂ 1935ಕ್ಕೂ ಎಪ್ಪತ್ತೈದು ವರ್ಷದ ಅಂತರ. ಪೈಪಿನ ಉಳಿದ ಭಾಗಗಳನ್ನು ಒಂದೊಂದಾಗಿ ವಿಚಾರಿಸಿದೆ.

ಮೊದಲನೆಯದಾಗಿ, 1890ರವರೆಗೆ ಇಂಗ್ಲೆಂಡಿನ ಬೆಳ್ಳಿಗೆ ಸುಂಕ ಕೊಟ್ಟ ಗುರುತಾಗಿ ರಾಜನ ಅಥವಾ ರಾಣಿಯ ತಲೆಯ ಮುದ್ರೆ ಹಾಕುತ್ತಿದ್ದರು. ನಮ್ಮ ಕಟ್ಟಿನ ಮೇಲೆ ಅದಿಲ್ಲ. ಆದರೆ ಸಣ್ಣ ಸಾಮಾನುಗಳಿಗೆ ವಿನಾಯಿತಿ ಇರುತ್ತಿದ್ದುದರಿಂದ ಇದೊಂದರ ಮೇಲೆಯೇ ನಿಲ್ಲುವಂತಿಲ್ಲ.

ಎರಡನೆಯದಾಗಿ, ನಳಿಗೆ ವಲ್ಕನೈಟಿನದು. ತುದಿಯಲ್ಲಿ ದುಂಡು ರಂಧ್ರವಲ್ಲ, ಅಡ್ಡಸೀಳು. ಇದು 20ನೆಯ ಶತಮಾನದ ಕಡೆಗೆ ಬೆರಳು ತೋರಿಸುತ್ತದೆ. ಆದರೆ ನಳಿಗೆ ಮುರಿದರೆ ಹೊಸದು ಹಾಕಿಸಬಹುದು.

ಮೂರನೆಯದಾಗಿ, ಕುತ್ತಿಗೆಯ ಕೆಳಗಡೆ ಎಣ್ಣೆಜಿಡ್ಡಿನಲ್ಲಿ ಮುಚ್ಚಿಹೋಗಿದ್ದ ಅಚ್ಚು. ಒದ್ದೆ ಬಟ್ಟೆಯಿಂದ ಒರಸಿದಾಗ ‘ಮೇಡ್ ಇನ್ ಇಂಗ್ಲೆಂಡ್’ ಎಂದು ಓದಲು ಬಂದಿತು. ಇದು ಬಟ್ಟಲಿನ ಮರದ ಮೇಲೆಯೇ ಇದೆ. ಬಟ್ಟಲನ್ನು ಬದಲಿಸಿದರೆ ಪೈಪೇ ಬೇರೆಯಾದಂತೆ. 1860ರಲ್ಲಿ ಹೀಗೆ ಅಚ್ಚೊತ್ತುವ ಕಾರಣವೇ ಇರಲಿಲ್ಲ.

ನಾಲ್ಕನೆಯದಾಗಿ, ನಳಿಗೆಯನ್ನು ಕುತ್ತಿಗೆಯಿಂದ ಮೆಲ್ಲಗೆ ತಿರುಗಿಸಿ ಬಿಡಿಸಿದಾಗ ಒಳಗೆ ಹೊಗೆಯ ನೀರನ್ನು ತಡೆಯುವ ಒಂದು ಸಣ್ಣ ಲೋಹದ ಕೊಳವೆ ಸಿಕ್ಕಿತು. ರಸಾಯನಶಾಸ್ತ್ರದ ಗೆಳೆಯನೊಬ್ಬ ನೋಡಿ ಅಲ್ಯೂಮಿನಿಯಂ ಎಂದನು. 1886ರಲ್ಲಿ ಅಮೆರಿಕದ ಹಾಲ್, ಫ್ರಾನ್ಸಿನ ಎರೂ ಎಂಬಿಬ್ಬರು ವಿದ್ಯುತ್ತಿನಿಂದ ಅಲ್ಯೂಮಿನಿಯಂ ತೆಗೆಯುವ ವಿಧಾನವನ್ನು ಬೇರೆಬೇರೆಯಾಗಿ ಕಂಡುಹಿಡಿಯುವವರೆಗೆ ಅದು ಬೆಲೆಬಾಳುವ ಲೋಹಗಳ ಸಾಲಿಗೆ ಸೇರಿತ್ತು. ಜನಸಾಮಾನ್ಯರ ಪೈಪಿನ ಹೊಟ್ಟೆಯಲ್ಲಿ ಅದನ್ನು ತುರುಕಿಡುವ ಕಾಲ ಅದಲ್ಲ.

ಕೊನೆಯದಾಗಿ, ಕಟ್ಟು ದುರಸ್ತಿಯದೋ ಮೂಲದ್ದೋ ಎಂಬ ಸಂದೇಹ. ಕಟ್ಟಿನ ಬಳಿ ಮರದಲ್ಲಿ ಬಿರುಕಿಲ್ಲ. ಕಟ್ಟು ಕೂರುವಷ್ಟೇ ಅಗಲಕ್ಕೆ ಮರವನ್ನು ಮೊದಲೇ ಹೆರೆದು ಕೂರಿಸಿರುವುದರಿಂದ ಬೆಳ್ಳಿಯೂ ಮರವೂ ಒಂದೇ ಸಮಕ್ಕೆ ಇವೆ. ಆದ್ದರಿಂದ ಕಟ್ಟು ಮೂಲದ್ದೆಂದೇ ಹೇಳಬೇಕು.

ಒಂದು ಸಾಕ್ಷಿ ಸುಳ್ಳಾಡಬಹುದು. ಒಂದಕ್ಕೊಂದು ಸಂಬಂಧವಿಲ್ಲದ ನಾಲ್ಕೈದು ಸಾಕ್ಷಿಗಳು ಸೇರಿ ಒಂದೇ ಸುಳ್ಳನ್ನು ಆಡಲಾರವು. ಬರ್ಮಿಂಗ್‌ಹ್ಯಾಮಿನ ಅಕ್ಷರದ ವರ್ಷ ಜುಲೈಯಿಂದ ಆರಂಭವಾಗುತ್ತಿದ್ದುದರಿಂದ, ನಮ್ಮ ಪೈಪಿಗೆ ಮುದ್ರೆ ಬಿದ್ದದ್ದು 1935ರ ಮಧ್ಯದಿಂದ 1936ರ ಮಧ್ಯದೊಳಗೆ. ದೊಡ್ಡ ಬರಕ್ಕೂ ಅದಕ್ಕೂ ಅರುವತ್ತು ವರ್ಷದ ದೂರ. ಬರೆದಿದ್ದ ಎರಡು ವಾಕ್ಯಗಳ ಹಾಳೆಯನ್ನು ಹರಿದೆ. ಮನೆಯ ಕಥೆ ಸುಳ್ಳಾಯಿತಲ್ಲ ಎಂಬ ಸಂಕಟ ಮಾತ್ರ ಉಳಿಯಿತು.

7. ಅರುವತ್ತು ವರ್ಷದ ತೊಡಕು

ಶನಿವಾರ ಊರಿಗೆ ಹೋದೆ. ತಂದೆಯವರಿಗೆ ಹೇಳುವ ಮುನ್ನ, ಕಥೆಯ ಮೂಲ ಯಾರೆಂದು ವಿಚಾರಿಸಬೇಕೆನಿಸಿತು. ತಂದೆಯವರು ಅಜ್ಜಿಯಿಂದ ಕೇಳಿದ್ದರು. ಅಜ್ಜಿ ತಮ್ಮ ಮಾವನವರಿಂದ, ಅಂದರೆ ನನ್ನ ಮುತ್ತಜ್ಜನಿಂದ, ಕೇಳಿದ್ದರು. ಅಜ್ಜಿಯನ್ನೇ ಕೇಳಿದೆ. ಅವರ ಮಾತನ್ನು ಹೇಳಿದ ಹಾಗೆಯೇ ಬರೆದುಕೊಂಡಿದ್ದೇನೆ:

“ನಮ್ಮ ಮಾವ್ನೋರಿಗೆ ದೊರೆ ಕೊಟ್ಟಿದ್ದು ಕಣಪ್ಪಾ. ಧಾತು ವರ್ಸ. ಆಗಿನ್ನೂ ಅವರಿಗೆ ಮದ್ವಿ ಆಗಿರ್ಲಿಲ್ಲ. ಕಾವಲ್ನಾಗೆ ದನ ಕಾಯ್ತಿದ್ರು. ಹಳ್ಳ ಬಂದು ಒಂದು ಹಸ, ಕರ ಆಚೆ ದಡದಾಗೆ ಉಳ್ಕಂಡಿದ್ವಂತೆ. ಎರಡು ರಾತ್ರಿ ಅಲ್ಲೇ ಕಾದು ಹೊಡ್ಕಂಡು ಬಂದ್ರಂತೆ. ಅವ್ರು ಅದನ್ನ ಒಂದಿನಾನೂ ಸೇದ್ಲಿಲ್ಲ. ಬೀಡಿ ಸೇದೋರು. ಇದು ಇಟ್ಕಳ್ಳೋಕೆ ಅನ್ನೋರು.”

ಈ ಮಾತಿನಲ್ಲಿ ಬರವೇ ಇಲ್ಲ. ಇರುವುದು ಮಳೆ! 1876ರಲ್ಲಿ ಮುಂಗಾರು ಸೊರಗಿ ಹಿಂಗಾರು ಕೈಬಿಟ್ಟಿತ್ತು. ಆ ಬರದ ಕಥೆಯೊಳಗೆ ಎರಡು ರಾತ್ರಿ ಇಳಿಯದ ಹಳ್ಳ ಹೊಂದುವುದಿಲ್ಲ. ಮಾವನವರು ಎಂಬ ಮಾತೂ ಸ್ಪಷ್ಟವಾಗಿದೆ. ಅಜ್ಜಿ ಮದುವೆಯಾಗಿ ಈ ಮನೆಗೆ ಬಂದದ್ದು 1963ರಲ್ಲಿ. ಆಗ ಮಾವನವರಿಗೆ ಐವತ್ತರ ಹತ್ತಿರ ವಯಸ್ಸು. 1876ರಲ್ಲಿ ಅವರು ಹುಟ್ಟಿಯೇ ಇರಲಿಲ್ಲ.

ಹಾಗಾದರೆ ‘ಧಾತು ವರ್ಷ’ ಎಂಬುದು? ಇಲ್ಲಿಯೇ ಗಂಟು ಬಿಚ್ಚಿತು. ನಮ್ಮ ಸಂವತ್ಸರಗಳು ಅರುವತ್ತು. ಅರುವತ್ತೂ ಮುಗಿದ ಮೇಲೆ ಪ್ರಭವದಿಂದ ಮತ್ತೆ ಮೊದಲಾಗುತ್ತವೆ. ಧಾತು ಹತ್ತನೆಯದು. 1876–77 ಧಾತು; ಅರುವತ್ತು ವರ್ಷ ಕಳೆದು 1936–37 ಮತ್ತೆ ಧಾತು; 1996–97 ಇನ್ನೊಮ್ಮೆ ಧಾತು. ಬರ್ಮಿಂಗ್‌ಹ್ಯಾಮಿನವರ ಅಕ್ಷರ ಹೇಗೆ ಸುತ್ತಿ ಬರುತ್ತದೆಯೋ ನಮ್ಮ ಸಂವತ್ಸರವೂ ಹಾಗೆಯೇ ಸುತ್ತಿ ಬರುತ್ತದೆ. ಅಲ್ಲಿ ನಾನು ಎಲ್ ಎಂಬ ಅಕ್ಷರವನ್ನು ಮೂರು ಸುತ್ತು ಹಿಂದಕ್ಕೆ ಓದಿದಂತೆಯೇ, ಇಲ್ಲಿ ನಮ್ಮ ಮನೆಯವರು ಧಾತುವನ್ನು ಒಂದು ಸುತ್ತು ಹಿಂದಕ್ಕೆ ಓದಿದ್ದರು. ಧಾತು ಎಂದೊಡನೆ ಈ ಸೀಮೆಯವರಿಗೆ ನೆನಪಾಗುವುದು ಬರ. ಬರ ಬಂದೊಡನೆ ಕಥೆಯಿಂದ ಹಳ್ಳದ ನೀರು ಬತ್ತಿತು. ‘ಮಾವನವರು’ ಹೋಗಿ ‘ವಂಶದ ಹಿರಿಯರು’ ಬಂದರು.

ಈಗ ಎರಡು ಲೆಕ್ಕಗಳನ್ನೂ ಪಕ್ಕಪಕ್ಕದಲ್ಲಿಟ್ಟು ನೋಡಬೇಕು. ಬೆಳ್ಳಿಗೆ ಮುದ್ರೆ ಬಿದ್ದದ್ದು 1935ರ ಮಧ್ಯದಿಂದ 1936ರ ಮಧ್ಯದೊಳಗೆ. ಧಾತು ಸಂವತ್ಸರ 1936ರ ಯುಗಾದಿಯಿಂದ 1937ರ ಯುಗಾದಿಯವರೆಗೆ. ಪೈಪು ಕೊಂಡವರು ಅದನ್ನು ಕೆಲವು ತಿಂಗಳು ಮಾತ್ರ ಸೇದಿರಬೇಕು. ಅದಕ್ಕೂ ಆಧಾರವುಂಟು: ಬಟ್ಟಲಿನ ಒಳಗೋಡೆಯ ಕರಿ ತೆಳುವಾಗಿದೆ, ತಳದಲ್ಲಿ ಮರದ ಬಣ್ಣ ಇನ್ನೂ ಕಾಣುತ್ತದೆ. ಮುತ್ತಜ್ಜ ಅದನ್ನು ಸೇದಲೇ ಇಲ್ಲವೆಂಬ ಅಜ್ಜಿಯ ಮಾತೂ ಇದರೊಡನೆ ಹೊಂದುತ್ತದೆ. ಇಂಗ್ಲೆಂಡಿನ ಕಚೇರಿಯ ಅಕ್ಷರವೂ ದೊಡ್ಡಉಳ್ಳಾರ್ತಿಯ ಓದುಬರಹವಿಲ್ಲದ ಅಜ್ಜಿಯ ನೆನಪೂ ಒಂದನ್ನೊಂದು ಕಾಣದೆಯೇ ಒಂದೇ ವರ್ಷದಲ್ಲಿ ಬಂದು ಕೂಡಿದವು.

‘ದೊರೆ’ ಎಂಬ ಮಾತನ್ನೂ ಎಚ್ಚರದಿಂದ ಓದಬೇಕು. ಒಂದು ಕಾಲದಲ್ಲಿ ಅಮೃತ್ ಮಹಲ್ ದನಗಳು ಬ್ರಿಟಿಷ್ ಸೇನೆಯ ಕೈಯಲ್ಲಿದ್ದವು. 1936ರ ಹೊತ್ತಿಗೆ ಅವು ಮೈಸೂರು ಸರ್ಕಾರದವು. ಟೋಪಿ ಹಾಕಿ ಕುದುರೆಯ ಮೇಲೋ ಮೋಟಾರಿನಲ್ಲೋ ಬಂದ ಅಧಿಕಾರಿ ನಮ್ಮವನೇ ಆಗಿದ್ದರೂ ಹಳ್ಳಿಗರ ಬಾಯಲ್ಲಿ ದೊರೆಯೇ. ಆದುದರಿಂದ ಕೊಟ್ಟವನು ಬಿಳಿಯನೆಂದು ಬರೆಯಲು ನಮಗೆ ಅಧಿಕಾರವಿಲ್ಲ.

8. ಮುಗಿಸುವ ಮುನ್ನ

ಇಂಥ ವಸ್ತು ಮನೆಯಲ್ಲಿರುವ ಗೆಳೆಯರಿಗೆ ಎರಡು ಸೂಚನೆಗಳು. ಬೆಳ್ಳಿಯನ್ನು ಹುಣಸೆಹಣ್ಣು, ಬೂದಿ ಹಾಕಿ ತಿಕ್ಕಬೇಡಿ. ಹೊಳಪು ಬರುವುದು ನಿಜ, ಆದರೆ ಮುದ್ರೆ ಸವೆಯುತ್ತದೆ. ನಮ್ಮ ಪೈಪಿನ ತಯಾರಕರ ಗುರುತು ಹಾಗೆಯೇ, ಹಬ್ಬದಿಂದ ಹಬ್ಬಕ್ಕೆ, ಅಳಿದುಹೋಗಿದೆ. ಎರಡನೆಯದಾಗಿ, ಹಿರಿಯರು ಹೇಳಿದ್ದನ್ನು ಅವರ ಮಾತಿನಲ್ಲಿಯೇ ಬರೆದಿಡಿ. ನಿಮ್ಮ ತಿಳಿವಳಿಕೆಯನ್ನು ಅದಕ್ಕೆ ಬೆರೆಸಬೇಡಿ. ಅದೂ ಒಂದು ಬಗೆಯ ತಿಕ್ಕಾಟವೇ.

ತಂದೆಯವರಿಗೆ ನಡೆದುದನ್ನು ಹೇಳಿದೆ. ಅವರು ಬಹಳ ಹೊತ್ತು ಸುಮ್ಮನಿದ್ದು, “ಹದಿನೆಂಟು ಸಾವಿರ ಹೋಯ್ತಲ್ಲೋ” ಎಂದರು. ಆ ಹಣದಿಂದ ಏನೇನು ಆಗಬೇಕಾಗಿತ್ತೆಂಬುದು ನನಗೂ ಗೊತ್ತಿತ್ತು, ಆದ್ದರಿಂದ ಮರುಮಾತಾಡಲಿಲ್ಲ. ಕೊಳ್ಳಲು ಬಂದವರಿಗೆ 1935–36 ಎಂದು ಬರೆದು ಕಳಿಸಿದೆ. ಅವರು ಮತ್ತೆ ಬರಲಿಲ್ಲ. ಉಳ್ಳಾರ್ತಿ ಕಾವಲು, ಖುದಾಪುರ ಕಾವಲು, ವರವು ಕಾವಲುಗಳ ಸಾವಿರಾರು ಎಕರೆ ಇಂದು ಸಂಶೋಧನಾ ಸಂಸ್ಥೆಗಳ ಗೋಡೆಯೊಳಗಿದೆ. ಮುತ್ತಜ್ಜ ಹಸುಕರುಗಳನ್ನು ಹೊಡೆದುಕೊಂಡು ಬಂದ ದಾರಿ ಯಾವುದೆಂದು ಈಗ ನಡೆದು ತೋರಿಸುವಂತಿಲ್ಲ. ಆದರೆ ಅವರು ನಡೆದ ವರ್ಷವನ್ನು ತೋರಿಸಬಹುದು.

ಕೊನೆಗೆ ಅಜ್ಜಿಗೆ, ಆ ಧಾತು ಬರದ ಧಾತುವಲ್ಲ, ಆಮೇಲಿನದು ಎಂದು ವಿವರಿಸಿದೆ. ಅವರಿಗೆ ನೋವಾಗಬಹುದೆಂದು ಹೆದರಿದ್ದೆ. ಅವರು ಪೈಪನ್ನು ಹಳೆಯ ಬಟ್ಟೆಯಲ್ಲಿ ಸುತ್ತುತ್ತ ಹೇಳಿದರು:

“ಬರದ ಧಾತು ಅಂತ ನಾನ್ಯಾವಾಗ ಅಂದೆ? ಅಂದೋರು ನೀವು.”